ಹಳದಿ ಮಂದಿಯ ಖಾಲಿ ಗ್ಯಾಲರಿ

ಮೊನ್ನೆ ಭಾನುವಾರ ಸಂಜೆ ಜೋಳ ಬೀಸಿಸಿಕೊಳ್ಳಲು ಗಿರಣಿಯಲ್ಲಿ ಪಾಳಿ ಹಚ್ಚಿ ನಿಂತಿದ್ದೆ. ಅಂಗಿಯ ಕಿಸೆಯಲ್ಲಿದ್ದ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ತೆಗೆದು ನೋಡಿದರೆ ಹಳದಿ ಬಣ್ಣದ ಒಂದು ಸಣ್ಣ ಲಾಂಛನ, ಅದರ ಪಕ್ಕದಲ್ಲಿ ಸೊನ್ನೆ, ಆಚೆ ಬದಿಗೆ ಎರಡು. ಸೋತಿದ್ದರು. ನನ್ನ ಮುಖದಲ್ಲಿ ಏನು ಕಂಡಿತೋ, ಗಿರಣಿಯವನು ಏನಾದರೂ ಕೆಟ್ಟ ಸುದ್ದಿಯೇ ಎಂದು ಕೇಳಿದ. ಮ್ಯಾಸಿಡೋನಿಯಾದಿಂದ ಬಂದದ್ದು ಎಂದೆ. ಅಲ್ಲಿ ನಿಮಗೆ ಬೀಗರಿದ್ದಾರೇನ್ರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನವರ ಡಬ್ಬಿಗೆ ಕೈಹಾಕಿದ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನೀವೂ ಕೇಳುತ್ತೀರಿ, ಬಸವಕಲ್ಯಾಣದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನ ಫೋನಿಗೆ ಆ ದೂರ ದೇಶದ ಫುಟ್ಬಾಲ್ ಕ್ಲಬ್ಬಿನ ಸೋಲು ಯಾಕೆ ಬರಬೇಕು ಎಂದು. ಅದನ್ನು ನಿಲ್ಲಿಸುವುದು ಹೇಗೆಂದು ನನಗೆ ತಿಳಿಯುವುದಿಲ್ಲ ಎಂದು ಮನೆಯವರಿಗೆ ಹೇಳುತ್ತ ಬಂದಿದ್ದೇನೆ. ಅದು ಸುಳ್ಳು. ನನಗೆ ತಿಳಿಯುತ್ತದೆ. ಆಟ ಮಾತ್ರ ಇವತ್ತಿಗೂ ಅಷ್ಟಾಗಿ ತಿಳಿಯುವುದಿಲ್ಲ. ಆಫ್‌ಸೈಡ್ ಎಂದರೇನೆಂದು ಮೂವರು ಮೂರು ಸಲ ತಿಳಿಸಿಕೊಟ್ಟಿದ್ದಾರೆ, ಮೂರು ಸಲವೂ ತಲೆಯಾಡಿಸಿದ್ದೇನೆ.

ನಮ್ಮ ಮನೆ ಕೋಟೆಯ ಹಿಂದಿನ ಓಣಿಯಲ್ಲಿದೆ. ನಮಗೂ ಪಕ್ಕದ ಮನೆಗೂ ಒಂದೇ ಗೋಡೆ. ಆ ಮನೆಯಲ್ಲಿ ಸೋನಾಬಾಯಿ ಇದ್ದರು. ಎಲ್ಲರಂತೆ ನಾನೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆ. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯವ ಆನಂದ ಲಾರಿ ಡ್ರೈವರ್. ಕಿರಿಯವರು ಮಿಲಿಂದ ಸರ್, ನಮ್ಮದೇ ಶಾಲೆಯಲ್ಲಿ ಪಿ.ಟಿ. ಮಾಸ್ತರು. ಅವರ ಮನೆಯೊಳಗಿನ ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು, ಅವರಿಬ್ಬರ ಕೆಳಗೆ ಗೋಲ್‌ಕೀಪರ್ ಕೈಗವಸು ಹಾಕಿಕೊಂಡು ನಿಂತ ಆನಂದನ ಫೋಟೋ. ಅದಕ್ಕೆ ಹಾರ ಹಾಕಿರಲಿಲ್ಲ. ಹಾಕಲು ಆಯಿ ಬಿಟ್ಟಿರಲಿಲ್ಲ.

ಆನಂದ ಕಲ್ಯಾಣದ ತಂಡದ ಗೋಲಿಯಾಗಿದ್ದ. ಬೀದರಿನಿಂದ ಬಂದ ತಂಡದ ಜೊತೆ ಆಡುವಾಗ ಯಾರದೋ ಬೂಟು ತಗುಲಿ ಎಡ ಮೊಳಕಾಲು ಕೆಟ್ಟಿತು. ಆಟ ಬಿಟ್ಟು ಲಾರಿ ಹತ್ತಿದ. ಕುಳಿತಲ್ಲೆಲ್ಲ ಬಲ ಅಂಗೈಯಿಂದ ಎಡ ಮೊಳಕಾಲು ಮುಚ್ಚಿಕೊಂಡು ಕೂಡುವುದು ಅವನಿಗೆ ರೂಢಿಯಾಯಿತು. ಹದಿನೆಂಟು ವರ್ಷಗಳ ಹಿಂದೆ ಹುಮನಾಬಾದಿನಲ್ಲಿ ಮಾಲು ತುಂಬಿಕೊಂಡು ಸೋಲಾಪುರದ ಕಡೆಗೆ ಹೋದವನು ತಿರುಗಿ ಬರಲಿಲ್ಲ. ಲಾರಿ ಹೆದ್ದಾರಿಯ ಪಕ್ಕದ ಒಂದು ಧಾಬಾದ ಮುಂದೆ ಸಿಕ್ಕಿತು. ಬಾಗಿಲಿಗೆ ಕೀಲಿ ಹಾಕಿತ್ತು, ಮಾಲು ಹಾಗೇ ಇತ್ತು, ಸೀಟಿನ ಮೇಲೆ ಅರ್ಧ ಉಂಡ ಬುತ್ತಿ ಇತ್ತು. ಮನುಷ್ಯ ಇರಲಿಲ್ಲ. ಪೊಲೀಸರು ಹುಡುಕಿದರು, ಮಿಲಿಂದ ಸರ್ ಎರಡು ವರ್ಷ ರಜೆ ರಜೆಗೆ ಆ ದಾರಿಯುದ್ದಕ್ಕೂ ಫೋಟೋ ಹಿಡಿದು ಅಲೆದರು. ಸತ್ತನೆಂಬ ಸುದ್ದಿಯೂ ಇಲ್ಲ, ಇದ್ದಾನೆಂಬ ಸುದ್ದಿಯೂ ಇಲ್ಲ. ಇಂಥ ಮನೆಗಳಲ್ಲಿ ಕಾಲ ನಡೆಯುವ ರೀತಿಯೇ ಬೇರೆ. ಕದದ ಸಪ್ಪಳವಾದರೆ ಆಯಿ ಕೈಯಲ್ಲಿದ್ದುದನ್ನು ಕೆಳಗಿಟ್ಟು ಒಂದು ಕ್ಷಣ ತಡೆದು ಆಮೇಲೆ ಏಳುತ್ತಿದ್ದರು. ಆ ಒಂದು ಕ್ಷಣವನ್ನು ನಾನು ಅನೇಕ ಸಲ ನೋಡಿದ್ದೇನೆ.

ಕ್ಲಬ್ಬು ಈ ಮನೆಗೆ ಬಂದದ್ದು ಫೋನಿನ ಮೂಲಕ. ಶಾಲೆಯ ಮಕ್ಕಳಿಗೆ ಗೋಲು ಕಾಯುವುದನ್ನು ಕಲಿಸಬೇಕೆಂದು ಮಿಲಿಂದ ಸರ್ ಒಂದು ಭಾನುವಾರ ವಿಡಿಯೊ ಹುಡುಕುತ್ತಿದ್ದರಂತೆ. ಒಂದು ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು ತಾನಾಗಿ ಹತ್ತಿಕೊಳ್ಳುತ್ತ ಉತ್ತರ ಮ್ಯಾಸಿಡೋನಿಯಾದ ಯಾವುದೋ ಸಣ್ಣ ಊರಿನ ಪಂದ್ಯವೊಂದು ನೇರಪ್ರಸಾರದಲ್ಲಿ ಬಂತು. ಒಂದೇ ಕ್ಯಾಮೆರಾ, ಮಾತಾಡುವವರಿಲ್ಲ, ಗಾಳಿಯ ಸದ್ದು ಮಾತ್ರ. ಹಳದಿ ಅಂಗಿಯವರು ಆಡುತ್ತಿದ್ದರು. ಅವರ ಹಿಂದೆ ಎದುರು ಬದಿಗೆ ಬೂದು ಬಣ್ಣದ ಖಾಲಿ ಗ್ಯಾಲರಿ. ಅದರ ಮೂರನೆಯ ಸಾಲಿನಲ್ಲಿ ಒಬ್ಬನೇ ಒಬ್ಬ ಕುಳಿತಿದ್ದ. ಬಲಗೈ ಎಡ ಮೊಳಕಾಲ ಮೇಲಿತ್ತು.

ಗೋಡೆಯಾಚೆಯಿಂದ ಅವರು ನನ್ನನ್ನು ಕರೆದ ದನಿ ಇನ್ನೂ ಕಿವಿಯಲ್ಲಿದೆ. ಹೋದೆ. ಆಯಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದರು. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ನಿಜ ಹೇಳಬೇಕೆಂದರೆ ಆ ದಿನ ನನಗೆ ಕಂಡದ್ದು ಒಂದು ಕಂಬ. ಮಿಲಿಂದ ಸರ್ ಅವರ ಹೆಂಡತಿ ಸುಜಾತಾ, ಬೇಮಳಖೇಡದವರು, ಚುರುಕು ಕಣ್ಣಿನವರು. ಅವರಿಗೂ ಕಂಬವೇ ಕಂಡಿತ್ತು, ಅದರ ಮೇಲೆ ಯಾರೋ ಕೋಟು ತೂಗುಹಾಕಿದ್ದಾರೆ ಎಂದರು. ತಾಯಿ, ಮಗ ಇಬ್ಬರೂ ನಮ್ಮ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

ಅಂದಿನಿಂದ ಭಾನುವಾರಗಳು ಬದಲಾದವು. ಚಳಿಗಾಲದಲ್ಲಿ ಅಲ್ಲಿಯ ಮಧ್ಯಾಹ್ನದ ಆಟ ನಮ್ಮಲ್ಲಿ ಸಂಜೆ ಐದೂವರೆಗೆ ಶುರುವಾಗುತ್ತಿತ್ತು. ಹಳದಿಯವರು ಪರಊರಿನಲ್ಲಿ ಆಡುವ ವಾರ ಆಯಿ ತಮ್ಮ ಪಾಡಿಗೆ ಸೊಪ್ಪು ಸೋಸುತ್ತಿದ್ದರು. ಸ್ವಂತ ಮೈದಾನದಲ್ಲಿ ಆಡುವ ವಾರ ಬೆಳಿಗ್ಗೆಯೇ ಸ್ನಾನ, ಒಗೆದ ಸೀರೆ. ಮೂರನೆಯದೋ ನಾಲ್ಕನೆಯದೋ ಪಂದ್ಯಕ್ಕೆ ನನಗೂ ಕಂಬ ಕಾಣದಾಯಿತು. ಕಂಬಕ್ಕೆ ಭುಜವಿತ್ತು. ಗಾಳಿ ಬೀಸಿದಾಗ ಅದು ಮೂಗನ್ನು ಭುಜಕ್ಕೆ ಒರೆಸಿಕೊಂಡಿತು. ಮನೆಗೆ ಬಂದು ಹೆಂಡತಿಗೆ ಹೇಳಲಿಲ್ಲ. ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಂಡು ಮರುದಿನ ಕಣ್ಣಿನ ಡಾಕ್ಟರರ ಹತ್ತಿರ ಹೋದೆ. ಬದಲಾಗಿರಲಿಲ್ಲ.

ಮಿಲಿಂದ ಸರ್ ಒಂದು ವಹಿಯಲ್ಲಿ ಆ ಕ್ಲಬ್ಬಿನ ಚರಿತ್ರೆ ಬರೆಯತೊಡಗಿದರು. ಅಣ್ಣ ಅಲ್ಲಿಗೆ ಯಾಕೆ ಹೋದ ಎಂಬುದಕ್ಕೆ ಅದರಲ್ಲೇನಾದರೂ ಗುಟ್ಟು ಸಿಕ್ಕೀತೆಂಬ ಆಸೆ. ಅದರ ಹೆಸರು ನನ್ನ ನಾಲಿಗೆಗೆ ಕೊನೆಗೂ ಹೊರಳಲಿಲ್ಲ. ಆಯಿಗೆ ಅವರು ‘ಹಳದಿ ಮಂದಿ’, ನನಗೂ ಅಷ್ಟೇ. ತಂಬಾಕು ಗೋದಾಮಿನ ಕೂಲಿಗಳು ಎರಡು ಮಹಾಯುದ್ಧಗಳ ನಡುವೆ ಕಟ್ಟಿಕೊಂಡ ತಂಡವಂತೆ. ಮ್ಯಾಸಿಡೋನಿಯಾ ಯುಗೋಸ್ಲಾವಿಯಾದೊಳಗೆ ಇದ್ದಷ್ಟು ಕಾಲ ಅವರನ್ನು ಕೇಳಿದವರಿಲ್ಲ. ದೇಶ ಬೇರೆಯಾದ ಮೇಲೆ ದೊಡ್ಡ ಲೀಗಿಗೆ ಏರಿದರು. ಒಂದೇ ಒಂದು ವರ್ಷ ಚೆನ್ನಾಗಿ ಆಡಿ ಯುರೋಪಿನ ಪಂದ್ಯಾವಳಿಗೂ ಕಾಲಿಟ್ಟರು, ಮೊದಲ ಸುತ್ತಿನಲ್ಲೇ ಸೋತು ಬಂದರು. ಆ ಊರಿನಲ್ಲಿ ಮುದುಕರು ಈಗಲೂ ಆ ಸೋಲನ್ನು ಗೆಲುವಿನ ಹಾಗೆ ಹೇಳುತ್ತಾರಂತೆ. ಆಮೇಲೆ ನಡೆಸುವವರು ಕೈಬಿಟ್ಟು ಕ್ಲಬ್ಬು ಮುಚ್ಚಿತು. ಕೆಲವು ವರ್ಷಗಳ ನಂತರ ಹಳೆಯ ಲಾಂಛನ ಇಟ್ಟುಕೊಂಡೇ ಹೊಸದಾಗಿ ಹುಟ್ಟಿತು, ಕೆಳಗಿನ ಲೀಗಿನಿಂದ ಒಂದೊಂದೇ ಮೆಟ್ಟಿಲೇರಿ ಮೇಲೆ ಬಂತು. ನಾವು ನೋಡತೊಡಗಿದ ಹೊತ್ತಿಗೆ ಪಟ್ಟಿಯ ತಳದಲ್ಲಿ ಉಸಿರು ಹಿಡಿದುಕೊಂಡಿತ್ತು.

ನನಗಿದು ಹೊಸದೇನೂ ಅನ್ನಿಸಲಿಲ್ಲ. ನಮ್ಮ ಊರೂ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಅಲ್ಲಿಂದ ಇಳಿದು ಇಳಿದು ಈಗ ತಾಲ್ಲೂಕು. ದೊಡ್ಡ ಲೀಗಿನಿಂದ ಜಾರಿದ ಊರಿನವರಿಗೆ ಆ ಸಂಕಟ ಬೇಗ ಅರ್ಥವಾಗುತ್ತದೆ.

ಫೋನಿನಲ್ಲಿ ತಂಡದ ಹೆಸರಿನ ಮುಂದೆ ಹಿಂದಿನ ಐದು ಪಂದ್ಯಗಳಿಗೆ ಐದು ಚುಕ್ಕೆ ತೋರಿಸುತ್ತಾರೆ. ಗೆದ್ದರೆ ಹಸಿರು, ಸೋತರೆ ಕೆಂಪು, ಸಮನಾದರೆ ಬೂದು. ಅಕ್ಷರ ಬಾರದ ಆಯಿ ಆ ಚುಕ್ಕೆ ಓದಲು ಕಲಿತರು. ಕಟ್ಟೆಯ ಮೇಲೆ ಕುಳಿತು ನನ್ನನ್ನು ಕಂಡಾಗ, ಈ ಸಲವೂ ಕೆಂಪೇ ಬಂತು ಮಾಸ್ತರ್ರ ಎಂದು ಹೇಳುತ್ತಿದ್ದರು. ಮೊದಲ ವರ್ಷ ಹಳದಿಯವರು ಕೊನೆಯ ವಾರ ಗೆದ್ದು ಬದುಕಿಕೊಂಡರು. ಆಯಿ ಓಣಿಗೆಲ್ಲ ಸಕ್ಕರೆ ಹಂಚಿದರು. ಯಾವ ಖುಷಿಗೆ ಎಂದು ಕೇಳಿದವರಿಗೆ ಹಿರಿಯ ಮಗನ ಕೆಲಸ ಉಳಿಯಿತು ಎಂದರು.

ಎರಡನೆಯ ವರ್ಷದ ಚಳಿಗಾಲದಲ್ಲಿ ಅಲ್ಲಿ ಹಿಮ ಬಿತ್ತು. ಮೈದಾನದ ಹಿಮ ಬಳಿದು ಆಡಿಸಿದರು, ಗ್ಯಾಲರಿಯದನ್ನು ಯಾರೂ ಬಳಿದಿರಲಿಲ್ಲ. ಸಾಲು ಸಾಲು ಕುರ್ಚಿಗಳ ಮೇಲೆ ಬಿಳಿ ಹಾಸು. ಮೂರನೆಯ ಸಾಲಿನಲ್ಲಿ ಅವನು. ತಲೆಗೆ ಟೋಪಿ ಇಲ್ಲ, ಕೊರಳಿಗೆ ಬಟ್ಟೆ ಇಲ್ಲ. ಥಂಡಿ ಹತ್ತೀತು ಎಂದು ಆಯಿ ಸೆರಗಿನ ಅಂಚಿನಿಂದ ಫೋನಿನ ಗಾಜನ್ನು ಒರೆಸತೊಡಗಿದರು. ಆಗ ಹಿಂದೆ ನಿಂತಿದ್ದ ಸುಜಾತಾ ಮೆಲ್ಲಗೆ ಕೇಳಿದರು:

"ಮನಶ್ಯಾ ಅಲ್ಲಿಗಿ ಹತ್ತಿ ಹೋಗಿ ಕೂತಾನ ಅಂದ್ರ, ಮೆಟ್ಟಲ ಮ್ಯಾಲ ಹೆಜ್ಜಿ ಎಲ್ಲ್ಯಾವ್ರಿ?"

ನಾವೆಲ್ಲ ಮೆಟ್ಟಿಲು ನೋಡಿದೆವು. ಕೆಳಗಿನಿಂದ ಮೇಲಿನವರೆಗೂ ಹಿಮ ಒಂದೇ ಸಮನಾಗಿತ್ತು. ಆಯಿ ಗಾಜು ಒರೆಸುವುದನ್ನು ಬಿಡಲಿಲ್ಲ. ಅಂದು ನಾನು ಪಂದ್ಯ ಮುಗಿಯುವ ಮೊದಲೇ ಎದ್ದು ಬಂದೆ.

ಅದಾದ ತಿಂಗಳಿಗೇ ಮಿಲಿಂದ ಸರ್ ಅವರಿಗೆ ಹುಮನಾಬಾದಿಗೆ ವರ್ಗವಾಯಿತು. ಸುಜಾತಾ ಅವರಿಗೂ ಅಲ್ಲಿಯೇ ಅಂಗನವಾಡಿ ಕೆಲಸ ಸಿಕ್ಕಿತು. ಅಲ್ಲಿ ಮನೆ ಹಿಡಿದರೆ ಮಕ್ಕಳ ಶಾಲೆಗೂ ಅನುಕೂಲ. ಆಯಿ ಒಪ್ಪಲಿಲ್ಲ. ಅವನು ಬಂದರೆ ಈ ಕದವನ್ನೇ ಬಡಿಯುತ್ತಾನೆ, ಬೇರೆ ಕದ ಅವನಿಗೆ ಗೊತ್ತಿಲ್ಲ ಎಂಬುದು ಅವರ ಒಂದೇ ಮಾತು. ಅಷ್ಟು ವರ್ಷಗಳಲ್ಲಿ ಅವರು ಒಂದು ರಾತ್ರಿಯೂ ಆ ಮನೆ ಬಿಟ್ಟು ಮಲಗಿದವರಲ್ಲ. ತವರಿನ ಮದುವೆಗೆ ಹುಲಸೂರಿಗೆ ಹೋದರೂ ಸಂಜೆಯ ಬಸ್ಸಿಗೆ ತಿರುಗಿ ಬರುತ್ತಿದ್ದರು. ಹೀಗಾಗಿ ಗಂಡ ಹೆಂಡತಿ ಇಬ್ಬರೂ ದಿನಾ ಬಸ್ಸು ಬದಲಿಸುತ್ತ ಹೋಗಿಬರತೊಡಗಿದರು. ಮನೆಯಲ್ಲಿ ಮಾತು ಕಡಿಮೆಯಾಯಿತು. ಗೋಡೆ ಒಂದೇ ಆದ್ದರಿಂದ ಆ ಕಡಿಮೆಯಾದದ್ದೂ ನನಗೆ ಕೇಳುತ್ತಿತ್ತು.

ಹಳದಿಯವರ ಸ್ಥಿತಿಯೂ ಹದಗೆಟ್ಟಿತು. ಐದು ಚುಕ್ಕೆಯೂ ಕೆಂಪಾದ ವಾರ ಒಂದು ಬಂತು. ಕೊನೆಯ ಸ್ಥಾನದವರು ಕೆಳಗಿನ ಲೀಗಿಗೆ ಇಳಿಯುತ್ತಾರೆ, ಕೆಳಗಿನ ಲೀಗಿನ ಪಂದ್ಯಗಳಿಗೆ ಕ್ಯಾಮೆರಾ ಇಲ್ಲ ಎಂದು ಮಿಲಿಂದ ಸರ್ ನನಗೆ ಹೇಳಿದರು. ಒಂದು ಸಲ ಕಳೆದುಕೊಂಡವನನ್ನು ಎರಡನೆಯ ಸಲ ಕಳೆದುಕೊಳ್ಳುವುದು ಹೇಗಿರುತ್ತದೋ ನನಗೆ ಗೊತ್ತಿಲ್ಲ.

ಆಗ ನಾವಿಬ್ಬರೂ ಸೇರಿ ಕ್ಲಬ್ಬಿಗೆ ಪತ್ರ ಬರೆದೆವು. ಮೊದಲೇ ಯಾಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ಬರೆದರೆ ಉತ್ತರ ಬರುತ್ತದೆಂಬ ಹೆದರಿಕೆ. ನಾನು ಕನ್ನಡದಲ್ಲಿ ಬರೆದೆ, ಫೋನು ಅದನ್ನು ಅವರ ಭಾಷೆಗೆ ತಿರುಗಿಸಿತು. ಕ್ಯಾಮೆರಾದ ಎದುರಿನ ಗ್ಯಾಲರಿಯ ಮೂರನೆಯ ಸಾಲಿನಲ್ಲಿ ಕೂಡುವವರ ಹೆಸರೇನು, ನಮ್ಮ ಕಡೆಯವರ ಹಾಗೆ ಕಾಣುತ್ತಾರೆ, ಅವರ ತಾಯಿ ಇಲ್ಲಿ ಕಾಯುತ್ತಿದ್ದಾರೆ, ಇಷ್ಟೇ. ಜೊತೆಗೆ ಫೋನಿನ ಪರದೆಯಿಂದಲೇ ತೆಗೆದ ಆ ಸಾಲಿನ ಒಂದು ಫೋಟೋ. ನನ್ನ ಮೂವತ್ತು ವರ್ಷದ ವ್ಯಾಕರಣವೆಲ್ಲ ಆ ನಾಲ್ಕು ಸಾಲಿಗೆ ಸಾಲದೆ ಹೋಯಿತು.

ಹತ್ತು ದಿನಗಳ ಮೇಲೆ ಅಲ್ಲಿಯ ಕಾರ್ಯದರ್ಶಿಯಿಂದ ಉತ್ತರ ಬಂತು. ನನ್ನ ಫೋನಿನಿಂದ ಕಳಿಸಿದ್ದರಿಂದ ನನಗೇ ಬಂತು. ಬಹಳ ಮರ್ಯಾದೆಯ ಪತ್ರ. ಭಾರತದಲ್ಲಿ ತಮ್ಮ ಆಟ ನೋಡುವವರಿದ್ದಾರೆಂದು ತಿಳಿದು ಎಲ್ಲರಿಗೂ ಸಂತೋಷವಾಯಿತು ಎಂದು ಮೊದಲಿಗಿತ್ತು. ಆಮೇಲೆ, ಆ ಪಡುವಣ ಗ್ಯಾಲರಿಯ ತಳಪಾಯ ಸಡಿಲವಾದದ್ದರಿಂದ ಅದನ್ನು ಮುಚ್ಚಿ ಬಹಳ ವರ್ಷಗಳಾದವು, ಬಾಗಿಲಿಗೆ ಕಬ್ಬಿಣದ ಪಟ್ಟಿ ಬೆಸೆದಿದ್ದಾರೆ, ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ ಎಂದಿತ್ತು. ಕೊನೆಯ ಸಾಲು ಹೀಗಿತ್ತು: ನೀವು ಕಳಿಸಿದ ಫೋಟೋವನ್ನು ನಾವೆಲ್ಲ ನೋಡಿದೆವು, ಅದರಲ್ಲಿ ಕುರ್ಚಿಗಳನ್ನು ಬಿಟ್ಟು ನಮಗೆ ಏನೂ ಕಾಣಲಿಲ್ಲ.

ಮಿಲಿಂದ ಸರ್ ಅದನ್ನು ನಿಂತಲ್ಲೇ ಎರಡು ಸಲ ಓದಿದರು. ಆಯಿಗೆ ಹೇಳುವುದು ಬೇಡ ಎಂದರು. ನಾನೂ ಹೂಂ ಎಂದೆ. ಆದರೆ ಮರುದಿನ ಮಧ್ಯಾಹ್ನ ನಾನು ಕಟ್ಟೆ ದಾಟುವಾಗ ಆಯಿ ನನ್ನನ್ನು ಕೂರಿಸಿಕೊಂಡು, ಹಳದಿ ಮಂದಿಯಿಂದ ಏನು ಉತ್ತರ ಬಂತೆಂದು ನೇರವಾಗಿ ಕೇಳಿದರು. ಅವರು ಕಣ್ಣಿಗೆ ಕಣ್ಣಿಟ್ಟು ಕೇಳಿದರೆ ಸುಳ್ಳು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ. ಆ ಗ್ಯಾಲರಿ ಮುಚ್ಚಿದೆಯಂತೆ, ಅಲ್ಲಿಗೆ ಯಾರೂ ಹೋಗುವುದಿಲ್ಲವಂತೆ ಎಂದು ಹೇಳಿ ನೆಲ ನೋಡುತ್ತ ಕುಳಿತೆ. ಅಳುತ್ತಾರೆಂದುಕೊಂಡೆ. ಆಯಿ ಅಳಲಿಲ್ಲ.

"ಹಂಗಾದ್ರ ಛಲೋ ಆತು ಬಿಡ್ರಿ ಮಾಸ್ತರ್ರ," ಎಂದರು. "ಅವಂಗ ಅಲ್ಲಿಂದ ಯಾರೂ ಏಳಪಾ ಅನ್ನಂಗಿಲ್ಲ."

ಕೊನೆಯ ಪಂದ್ಯ ಹಳದಿಯವರ ಮೈದಾನದಲ್ಲಿಯೇ ಇತ್ತು. ಸಮನಾದರೂ ಸಾಕು, ಬದುಕುತ್ತಿದ್ದರು. ಅಲ್ಲಿ ಬಿಸಿಲಿನ್ನೂ ಇಳಿದಿರಲಿಲ್ಲ, ನಮ್ಮಲ್ಲಿ ದೀಪ ಹಚ್ಚಿಯಾಗಿತ್ತು. ಆಯಿಯ ಮಡಿಲಲ್ಲಿ ಫೋನು, ಸುತ್ತ ನಾವು. ಮುಕ್ಕಾಲು ಆಟದವರೆಗೂ ಗೋಲಿಲ್ಲ. ಮಿಲಿಂದ ಸರ್ ಉಗುರು ಕಚ್ಚುತ್ತಿದ್ದರು. ಫುಟ್ಬಾಲಿನ ಗಂಧವಿಲ್ಲದ ನಾನು ಎರಡು ಸಲ ‘ಹೊಡಿ, ಹೊಡಿ’ ಎಂದೆನಂತೆ, ಎರಡು ಸಲವೂ ಚೆಂಡು ಎದುರಾಳಿಯ ಕಾಲಲ್ಲಿತ್ತಂತೆ. ಮುಗಿಯಲು ಮೂರು ನಿಮಿಷವಿದ್ದಾಗ ಹಳದಿ ತಂಡದ ಗೋಲಿಯ ಕೈಬೆರಳಿಗೆ ತಾಗಿ ಚೆಂಡು ಒಳಗೆ ಹೋಯಿತು. ಆಮೇಲೆ ಸೀಟಿ ಊದಿದರು.

ಆಟಗಾರರು ಹುಲ್ಲಿನ ಮೇಲೆ ಬಿದ್ದುಕೊಂಡರು. ಗೋಲಿ ಮುಖ ಮುಚ್ಚಿಕೊಂಡು ಗೋಲುಕಂಬಕ್ಕೆ ಒರಗಿದ. ಒಬ್ಬೊಬ್ಬರಾಗಿ ಎದ್ದು ಹೋದರು. ಕ್ಯಾಮೆರಾ ಬಂದ್ ಮಾಡುವುದನ್ನು ಅವರು ಮರೆತಿರಬೇಕು, ಚಿತ್ರ ಹಾಗೇ ಉಳಿದಿತ್ತು. ಖಾಲಿ ಮೈದಾನ, ಖಾಲಿ ಗ್ಯಾಲರಿ, ಮೂರನೆಯ ಸಾಲು. ಎರಡು ವರ್ಷಗಳಲ್ಲಿ ಹಳದಿಯವರು ಗೋಲು ಹೊಡೆದಾಗಲೂ ಆ ಮನುಷ್ಯ ಒಮ್ಮೆಯೂ ಎದ್ದು ನಿಂತದ್ದನ್ನು ನಾವು ಕಂಡಿರಲಿಲ್ಲ. ಈಗ ಎದ್ದ. ಮೊಳಕಾಲಿನಿಂದ ಕೈ ತೆಗೆದು ಒಂದು ಗಳಿಗೆ ನಿಂತ. ಆಮೇಲೆ ಎಡಗಾಲು ಸ್ವಲ್ಪ ಎಳೆಯುತ್ತ ಮೆಟ್ಟಿಲು ಇಳಿದ, ಒಂದು, ಎರಡು, ಮೂರು, ಇಳಿದು ಚಿತ್ರದ ಅಂಚಿನಾಚೆಗೆ ಹೋದ. ಸುಜಾತಾ ನನ್ನ ಪಕ್ಕದಲ್ಲೇ ಇದ್ದರು. ಎರಡು ವರ್ಷ ಕಂಬವನ್ನೇ ಕಂಡವರು ಬಾಯಿಗೆ ಸೆರಗು ಒತ್ತಿಕೊಂಡರು.

"ಹೊಂಟ," ಎಂದರು ಆಯಿ.

ಫೋನಿನ ಪರದೆ ಕಪ್ಪಾಯಿತು. ಅದನ್ನು ಮಗನ ಕೈಗೆ ಕೊಟ್ಟು ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಎಲ್ಲರಿಗೂ ಬಡಿಸಿ ತಾವೂ ಉಂಡರು. ಉಣ್ಣುವಾಗ ಮಿಲಿಂದ ಸರ್ ಕಡೆ ತಿರುಗಿ, ಹುಮನಾಬಾದಿನ ಆ ಮನೆ ಇನ್ನೂ ಖಾಲಿ ಇದೆಯೋ ಯಾರಾದರೂ ಹಿಡಿದರೋ ಎಂದು ಕೇಳಿದರು. ಮಿಲಿಂದ ಸರ್ ತುತ್ತು ಕೈಯಲ್ಲೇ ಹಿಡಿದು ತಾಯಿಯನ್ನು ನೋಡಿದರು.

"ಅವ ಎದ್ದು ಬರಾಕತ್ತಾನ," ಎಂದರು ಆಯಿ. "ನಾ ಇನ್ನ ಕೂತು ಏನ್ ಮಾಡ್ಲಿ? ಸಾಮಾನ ಕಟ್ಟು."

ಒಂದು ವಾರದಲ್ಲಿ ಸಾಮಾನು ಕಟ್ಟಿದರು. ಟೆಂಪೋ ಹೊರಡುವ ಮೊದಲು ಆಯಿ ನಮ್ಮ ಮನೆಗೆ ಬಂದು, ಯಾರಾದರೂ ಕೇಳಿಕೊಂಡು ಬಂದರೆ ಹೇಳುತ್ತೀರಲ್ಲ ಎಂದರು. ಯಾರಾದರೂ ಎಂದರೆ ಯಾರು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೇಳುತ್ತೇನೆ ಎಂದೆ. ವಯಸ್ಸಾದವರಿಗೆ ಸಮಾಧಾನಕ್ಕೆ ಆಡುವ ಮಾತೆಂದೇ ಆಡಿದ್ದು.

ಇದಾಗಿ ಒಂದು ವರ್ಷವಾಗುತ್ತ ಬಂತು. ಆಯಿ ಹುಮನಾಬಾದಿನಲ್ಲಿ ಆರಾಮಾಗಿದ್ದಾರೆ. ಹೋದಾಗಲೆಲ್ಲ ಚಹಾ ಮಾಡಿಕೊಡುತ್ತಾರೆ, ಮೊಮ್ಮಕ್ಕಳ ಜೊತೆ ಚಿಟಗುಪ್ಪದ ನೆಂಟರ ಮನೆಗೆ ಹೋಗಿ ಎರಡು ದಿನ ಇದ್ದು ಬಂದೆ ಎಂದು ಹೇಳುತ್ತಾರೆ. ಫೋನನ್ನು ಮುಟ್ಟುವುದಿಲ್ಲ. ಹಳದಿ ಮಂದಿ ಕೆಳಗಿನ ಲೀಗಿನಲ್ಲೂ ಸೋಲುತ್ತಿದ್ದಾರೆ. ಅದು ನನಗೊಬ್ಬನಿಗೇ ತಿಳಿಯುತ್ತದೆ.

ನಿನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ, ಓಣಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆಯಿ ಹೋದಾಗಿನಿಂದ ಖಾಲಿಯಿರುವ ಪಕ್ಕದ ಮನೆಯ ಕದದ ಸಪ್ಪಳವಾಯಿತು. ಗಾಳಿಗೆ ಚಿಲಕದ ಸರಪಳಿ ಬಡಿದಿರಬೇಕೆಂದು ಮಗ್ಗುಲು ಬದಲಿಸಿದೆ. ಸ್ವಲ್ಪ ಬಿಟ್ಟು ಮತ್ತೆ ಆಯಿತು. ಬಡಿದು, ತಡೆದು, ಒಳಗಿನವರು ಏಳಲೆಂದು ಕಾದು ಮತ್ತೆ ಬಡಿಯುವ ರೀತಿ. ಎದ್ದು ಹೊರಗೆ ಬಂದೆ. ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ, ಎದುರಿನ ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಸರಪಳಿ ಮಾತ್ರ ಸಣ್ಣಗೆ ತೂಗುತ್ತಿತ್ತು.

ಒಳಗೆ ಹೋಗಿ ಕದ ಹಾಕಿಕೊಳ್ಳಬಹುದಿತ್ತು. ಮೂರು ವರ್ಷದ ಹಿಂದಿನ ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ, ಮರುದಿನ ಕಣ್ಣಿನ ಡಾಕ್ಟರರ ಬದಲು ಕಿವಿಯ ಡಾಕ್ಟರರ ಹತ್ತಿರ ಹೋಗುತ್ತಿದ್ದೆ. ನಿನ್ನೆ ಹಾಗೆ ಮಾಡಲಿಲ್ಲ. ಕಟ್ಟೆಯ ಮೇಲೆ ನಿಂತು, ಖಾಲಿ ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

"ಅವರು ಇಲ್ಲಿಲ್ಲಪಾ ಆನಂದ. ಹುಮನಾಬಾದಿಗಿ ಹೋಗ್ಯಾರ. ಬಸ್‌ಸ್ಟ್ಯಾಂಡಿನ ಹಿಂದ, ನೀರಿನ ಟಾಕಿ ಬಾಜೂ ಓಣಿ, ನೀಲಿ ಕದದ ಮನಿ. ಆಯಿ ಮನ್ಯಾಗೇ ಇರ್ತಾರ."

ಹೇಳಿ ಮುಗಿಸಿದ ಮೇಲೂ ತಕ್ಷಣ ಒಳಗೆ ಬರಲಿಲ್ಲ. ಎಡಗಾಲು ಎಳೆಯುತ್ತ ಓಣಿಯ ತಿರುವಿನವರೆಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಸಿಲಲ್ಲೇ ನಿಂತಿದ್ದೆ.